ಪಿಸ್ತೂಲಿನ ಕೊಸರು

ಕೊತ್ತಂಬರಿ ಸೂಡು ಕೊಂಡ ಮೇಲೆ ಒಂದೆಳೆ ಕರಿಬೇವನ್ನೂ ಕೇಳದೆ ಎದ್ದು ಬರುವವರನ್ನು ಕಂಡರೆ ನನಗೆ ಮೊದಲೆಲ್ಲ ಕನಿಕರ ಬರುತ್ತಿತ್ತು. ನಷ್ಟವಾಯಿತೆಂದಲ್ಲ, ಒಂದು ಒಳ್ಳೆಯ ವ್ಯಾಪಾರ ಅರ್ಧಕ್ಕೇ ನಿಂತುಹೋಯಿತಲ್ಲ ಎಂದು. ಕೊಸರಿಲ್ಲದೆ ಯಾವ ವ್ಯಾಪಾರವೂ ಮುಗಿಯುವುದಿಲ್ಲ ಎಂದು ನಾನು ಐವತ್ತು ವರ್ಷ ನಂಬಿದವನು. ನಂಬಿದ್ದಷ್ಟೇ ಅಲ್ಲ, ಬಂದುಹೋದವರಿಗೆಲ್ಲ ಅವರು ಕೇಳದಿದ್ದರೂ ಉಪದೇಶಿಸಿದವನು. ಅಂಥವನು ಮೊನ್ನೆ ಇಚಲಕರಂಜಿಯ ಸಂತೆಯಲ್ಲಿ, ಕಾಯಿಪಲ್ಯದ ಶಾಂತಾಬಾಯಿ ತಾನಾಗಿಯೇ ನಾಲ್ಕು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕಲು ಬಂದರೆ ಕೈ ಅಡ್ಡ ಹಿಡಿದುಬಿಟ್ಟೆ.

"ಯಾಕ ಶೇಠ, ಆರಾಮ ಇಲ್ಲೇನ?" ಅವಳಿಗೆ ನಿಜವಾಗಿಯೂ ಗಾಬರಿಯಾಯಿತು. "ಇಪ್ಪತ್ತ ವರ್ಷ ನನ್ನ ಬುಟ್ಟಿ ಸುಲದೀರಿ. ಇವತ್ತ ಏನಾತು?"

ಏನಾಯಿತೆಂಬುದು ಸಂತೆಯಲ್ಲಿ ನಿಂತು ಹೇಳುವಂಥದಲ್ಲ. ನಿಮಗಾದರೆ ಹೇಳಬಹುದು.

ಕೊಸರಿನ ವಿದ್ಯೆ ನನಗೆ ಅವ್ವನಿಂದ ಬಂದದ್ದು. ಅಪ್ಪ ಕೊರೋಚಿಯಲ್ಲಿ ಬೇರೆಯವರ ಮಗ್ಗ ನಡೆಸುತ್ತಿದ್ದ. ಅವ್ವ ಮತ್ತು ನಾನು ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದೆವು. ವಾರಕ್ಕೊಮ್ಮೆ ಬೆಲ್ಲಕ್ಕೆ ಕಳಿಸುವಾಗ ಅವ್ವ ಹೇಳುತ್ತಿದ್ದಳು: "ತೂಕ ಆದ ಮ್ಯಾಲೆ ಚೀಲ ಎತ್ತಬ್ಯಾಡ. ಬಾಯಿನೂ ಬಿಡಬ್ಯಾಡ. ಬೆಲ್ಲದ ಕಡೆ ನೋಡಕೋತ ನಿಂದರು. ಅವನ ಕೈ ತಾನ ಬರತೈತಿ." ಬರುತ್ತಿತ್ತು. ಬೆರಳಿನ ಗಾತ್ರದ ಆ ಬೆಲ್ಲದ ಚೂರನ್ನು ದಾರಿಯಲ್ಲಿ ಚೀಪುತ್ತ ಬರುವಾಗ, ಕೊಂಡ ಬೆಲ್ಲಕ್ಕೆ ಈ ರುಚಿ ಯಾಕೆ ಇಲ್ಲ ಎಂದು ನನಗೆ ಆಶ್ಚರ್ಯ. ಚಟ ಎಷ್ಟಕ್ಕೆ ಹೋಯಿತೆಂದರೆ, ಐದನೆಯ ಇಯತ್ತೆಯಲ್ಲಿ ಗಣಿತದ ಗುರುಗಳು ಮೂವತ್ತೆರಡು ಅಂಕ ಕೊಟ್ಟಾಗ, "ಸರ್, ಕೊಸರಿಗೆ ಮೂರು ಹಾಕ್ರಿ, ಪಾಸಾಗ್ತೀನಿ" ಎಂದು ಕೇಳಿದೆ. ಅವರು ಕೊಸರು ಕೊಟ್ಟರು, ಆದರೆ ಅಂಗೈಯ ಮೇಲೆ. ನನ್ನ ಮದುವೆ ಮಾತುಕತೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಅವ್ವ, ಬೀಗರ ಬಚ್ಚಲ ಮನೆಯ ತಾಮ್ರದ ಹಂಡೆಯ ಕಡೆ ನೋಡುತ್ತ ನಿಂತುಬಿಟ್ಟಳಂತೆ. ಆ ಹಂಡೆ ಈಗಲೂ ನಮ್ಮ ಮನೆಯಲ್ಲಿದೆ. ಜಗಳವಾದಾಗಲೆಲ್ಲ ನನ್ನ ಹೆಂಡತಿ ಪದ್ಮಾ, "ಹಂಡೆ ಖರೀದಿ ಮಾಡೀರಿ ನೀವು. ನಾ ಅದರ ಕೊಸರಿಗೆ ಬಂದಾಕಿ" ಎನ್ನುತ್ತಾಳೆ.

ಮುಂದೆ ನಾನು ಹಳೆಯ ಮಗ್ಗಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದೆ. ನೀವು ಎಂದಾದರೂ ಹಳೆಯ ಯಂತ್ರ ಕೊಳ್ಳುವವರಿದ್ದರೆ ಕೇಳಿಕೊಳ್ಳಿ: ಬಣ್ಣ ನೋಡಬೇಡಿ. ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಚೌಕಟ್ಟಿನ ಮೇಲೆ ಅಂಗೈ ಇಡಿ. ಎಲ್ಲಿ ಹಲ್ಲು ಸವೆದಿದೆ, ಎಲ್ಲಿ ಬೇರಿಂಗು ಹೋಗಲು ಬಂದಿದೆ ಎಂಬುದನ್ನು ಅದೇ ಹೇಳುತ್ತದೆ. ಯಾಕೆ ಮಾರುತ್ತೀರಿ ಎಂದು ಕೇಳಿ. ಉತ್ತರ ತಡವಾದರೆ ಬೆಲೆ ಇಳಿಸಿ. ಇನ್ನೊಂದು, ಆ ಮನೆಯಲ್ಲಿ ಮಾರುವ ಅವಸರ ಯಾರಿಗಿದೆ ಎಂದು ಪತ್ತೆ ಹಚ್ಚಿ, ಅವರ ಎದುರಿಗೆ ಕುಳಿತುಕೊಳ್ಳಿ. ಈ ಮೂರು ಮಾತಿನ ಮೇಲೆ ನಾನು ಮನೆ ಕಟ್ಟಿದೆ, ಶೆಡ್ಡು ಕಟ್ಟಿದೆ. ಈ ಮೂರು ಮಾತಿನಿಂದಲೇ ಆ ಪಿಸ್ತೂಲನ್ನೂ ಕೊಂಡೆ.

ಪಿಸ್ತೂಲು ಯಾಕೆ ಎಂದು ಕೇಳುತ್ತೀರಿ. ಆಗೆಲ್ಲ ರೋಖ ದುಡ್ಡಿನ ವ್ಯವಹಾರ. ಒಂದು ಸಂಜೆ ಕೊರೋಚಿಯ ತಿರುವಿನಲ್ಲಿ ಇಬ್ಬರು ನನ್ನ ಗಾಡಿ ನಿಲ್ಲಿಸಿ ಚೀಲ ಕಿತ್ತುಕೊಂಡು ಓಡಿದರು. ದುಡ್ಡು ಸೀಟಿನ ಕೆಳಗಿತ್ತು. ಅವರಿಗೆ ಸಿಕ್ಕದ್ದು ಪದ್ಮಾ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ. ಆದರೂ ಹೆದರಿದೆ, ಪರವಾನಗಿಗೆ ಅರ್ಜಿ ಹಾಕಿದೆ. ಕಾಗದ ಮೇಜಿನಿಂದ ಮೇಜಿಗೆ ತಿರುಗಿ, ಪರವಾನಗಿ ಕೈಗೆ ಬರುವ ಹೊತ್ತಿಗೆ ಊರಿನಲ್ಲಿ ಮೆಣಸಿನಕಾಯಿಯವಳೂ ಮೊಬೈಲಿನಲ್ಲೇ ದುಡ್ಡು ತೆಗೆದುಕೊಳ್ಳತೊಡಗಿದ್ದಳು. ಕಳ್ಳರು ಒಯ್ಯಲು ನನ್ನಲ್ಲಿ ಮತ್ತೆ ರೊಟ್ಟಿಯೇ ಉಳಿದಿತ್ತು. ಆದರೆ ಪರವಾನಗಿಗೆ ಗಡುವು ಇರುತ್ತದೆ, ಅಷ್ಟರೊಳಗೆ ಆಯುಧ ಕೊಳ್ಳದಿದ್ದರೆ ಅದು ರದ್ದು. ಸಿಕ್ಕದ್ದನ್ನು ಬಿಟ್ಟುಕೊಡುವುದು ನನ್ನ ಜಾತಕದಲ್ಲಿಲ್ಲ.

"ದೀಪಕ್ಕ ಹುಳ ಬಿದ್ದ ಸಾಯತಾವಂತ ಹೊತ್ತ ಮುಳುಗೂದ್ರಾಗ ಉಣ್ಣೂ ಜೈನರ ಮನಿ ಇದು," ಎಂದಳು ಪದ್ಮಾ. "ಇಲ್ಲಿ ಪಿಸ್ತೂಲ?"

"ಗುಂಡ ತರಾಂಗಿಲ್ಲ. ಬರೇ ಪಿಸ್ತೂಲ."

"ಅಂದ್ರ ಗೊಡ್ಡ ಎಮ್ಮಿ. ಕಟ್ಟಿ ಮೇವು ಹಾಕ್ರಿ."

ಕೊಲ್ಲಾಪುರದಲ್ಲಿ ಪರವಾನಗಿಯ ಬಂದೂಕು ಮಾರುವ ಒಂದು ಹಳೆಯ ಅಂಗಡಿಗೆ ಹೋದೆ. ಹೊಸದರ ಬೆಲೆ ಕೇಳಿ ನೀರು ಕೇಳಿದೆ. ಅಂಗಡಿಯವರು ನಕ್ಕು, "ಜುನಂ ಬಘತಾ ಕಾ?" ಎಂದರು. ಹಳೆಯದು ನೋಡುತ್ತೀರಾ! ಹಳೆಯದು ಎಂಬ ಶಬ್ದ ಯಾವ ಭಾಷೆಯಲ್ಲಿ ಕಿವಿಗೆ ಬಿದ್ದರೂ ನನಗೆ ನನ್ನ ಹೆಸರು ಹಿಡಿದು ಕರೆದ ಹಾಗೆ.

ಮಾರುವವರು ಮರುವಾರ ಗಡಹಿಂಗ್ಲಜದಿಂದ ಬಂದರು. ನಿವೃತ್ತ ಸುಭೇದಾರ ಮಲಗೊಂಡ ಅವರು, ಜೊತೆಗೆ ಶಾಲೆಯ ಮಾಸ್ತರಿಕೆ ಮಾಡುವ ಮಗಳು ಶೈಲಾ. ಎಪ್ಪತ್ತರ ಮೇಲಿನ ವಯಸ್ಸು, ಇಸ್ತ್ರಿಯ ಗೆರೆ ಮುರಿಯದ ಅಂಗಿ, ಸೊಂಟದಲ್ಲಿ ಅಗಲ ಬೆಲ್ಟು. ಬೆಲ್ಟಿಗೆ ಸೇರಿಸಿದ ಚರ್ಮದ ಕವರಿನಿಂದ ಅವರು ಪಿಸ್ತೂಲು ತೆಗೆದು, ಖಾಲಿ ಇದೆಯೆಂದು ಎರಡು ಸಲ ತೋರಿಸಿ, ಬಟ್ಟೆ ಹಾಸಿ ಅದರ ಮೇಲೆ ಇಟ್ಟರು. ಫೌಜಿನಲ್ಲಿ ಸಾಹೇಬರು ಕಟ್ಟಿಕೊಳ್ಳುವ ಪಿಸ್ತೂಲಿನದೇ ರೂಪ. ಬೋರು ಮಾತ್ರ ಸಣ್ಣದು, ನಮ್ಮಂಥವರ ಪರವಾನಗಿಗೆ ಕೂಡುವಂಥದ್ದು. ನಳಿಗೆಯ ತುದಿಯಲ್ಲಿ ಕಪ್ಪು ಬಣ್ಣ ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಗುಂಡು ಹಾರಿಸಿದ ಸವೆತ ಅದಲ್ಲ, ಕವರಿನೊಳಗೆ ಸಾವಿರ ಸಲ ಹೋಗಿ ಬಂದದ್ದು.

"ಯಾಕ ಮಾರಾಕತ್ತೀರಿ?" ಎಂದು ಕೇಳಿದೆ.

ಅವರು ಮಗಳ ಮುಖ ನೋಡಿದರು. "ಕೈ ನಡಗತಾವು," ಎಂದರು.

ಅವರ ಕೈಯಲ್ಲಿ ತುಂಬಿದ ಚಹಾದ ಬಶಿ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ತಕ್ಷಣ ತಿಳಿಯಿತು. ಅಂದಮೇಲೆ ಪಿಸ್ತೂಲಿನಲ್ಲಿ ಐಬು ಇರಬೇಕು ಎಂದುಕೊಂಡೆ. ಮನುಷ್ಯ ಸುಳ್ಳು ಹೇಳುವುದಕ್ಕೆ ಸರಕಿನ ಐಬು ಬಿಟ್ಟು ಬೇರೆ ಕಾರಣಗಳೂ ಇರುತ್ತವೆ ಎಂಬುದು ನನ್ನ ವ್ಯಾಪಾರದ ಪಾಠದಲ್ಲಿರಲಿಲ್ಲ. ಶೈಲಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಅವಸರ ಯಾರಿಗೆ ಎಂಬುದು ಸಿಕ್ಕಿತು. ಕುರ್ಚಿ ಎಳೆದು ಅವರ ಎದುರಿಗೇ ಕುಳಿತೆ. ನಾನು ಹೇಳಿದ್ದಕ್ಕೆಲ್ಲ ಆಕೆ "ಆತ್ರಿ, ಆತ್ರಿ" ಎಂದರು. ಅಷ್ಟು ಸಲೀಸಾದ ವ್ಯಾಪಾರ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಬೆಲೆ ಕುದುರಿತು. ನಾನು ಏಳಲಿಲ್ಲ. ಆ ಚರ್ಮದ ಕವರಿನ ಕಡೆ ನೋಡುತ್ತ ಕುಳಿತೆ.

ಅದೊಂದು ವಿಚಿತ್ರ ಕವರು. ಅಂಚಿನ ಸುತ್ತ ಕೊಲ್ಲಾಪುರಿ ಚಪ್ಪಲಿಗೆ ಹೆಣೆಯುವಂಥ ಸಣ್ಣ ಜಡೆ ಹೊಲಿದಿತ್ತು. "ಇದೇನ್ರಿ ಸುಭೇದಾರ, ಪಿಸ್ತೂಲಿನ ಕವರೋ, ಎಡಗಾಲಿನ ಚಪ್ಪಲೋ?" ಎಂದೆ. ಅಂಗಡಿಯವರು ನಕ್ಕರು. ಸುಭೇದಾರರು ನಗಲಿಲ್ಲ. "ಹೋಗ್ಲಿ, ಕೊಸರಿಗಂತ ಅದನ್ನ ಹಾಕ್ರಿ."

ಅವರ ಕೈ ಹೋಗಿ ಕವರಿನ ಮೇಲೆ ಕುಳಿತಿತು. ನಾನು ಅವ್ವ ಕಲಿಸಿದಂತೆ ಬಾಯಿ ಬಿಡಲಿಲ್ಲ.

"ಕೊಡ್ರಿ ಅಪ್ಪಾ," ಎಂದರು ಶೈಲಾ, ತೀರ ಮೆಲ್ಲಗೆ. "ಪಿಸ್ತೂಲ ಇಲ್ದ ಅದನ್ನ ಇಟಗೊಂಡ ಏನ್ ಮಾಡ್ತೀರಿ?"

ಅವರು ಬೆಲ್ಟು ಬಿಚ್ಚಿ ಕವರನ್ನು ಜಾರಿಸಿ ಕೊಟ್ಟರು. ಮತ್ತೆ ಬೆಲ್ಟು ಹಾಕಿಕೊಂಡಾಗ, ಕವರು ಇದ್ದ ಜಾಗದಲ್ಲಿ ಚರ್ಮ ಹೊಸದರ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನನ್ನ ಕಣ್ಣಿಗೆ ಬಿತ್ತು. ಲಾಭ ಎಂದೇ ಬಿತ್ತು.

ಕಚೇರಿಯ ಅಪ್ಪಣೆ, ಠಾಣೆಯ ಸಹಿ ಎಲ್ಲ ಮುಗಿದು ಪಿಸ್ತೂಲು ಅವರ ಪರವಾನಗಿಯಿಂದ ಇಳಿದು ನನ್ನದಕ್ಕೆ ಏರಿದ ದಿನ ಸುಭೇದಾರರು ಹೇಳಿದರು: "ಸಾವಕಾರ, ಹತ್ಯಾರ ಹಂಗ ಕೊಟ್ಟ ಹೋಗೂದಲ್ಲ. ಪರಿಚಯ ಮಾಡಿಕೊಡಬೇಕು. ಐತವಾರ ಬರ್ತೇನಿ."

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಪದ್ಮಾ ಅವಲಕ್ಕಿ ಕೊಟ್ಟಳು. ತಿಂದು, ಕೈ ತೊಳೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಪಿಸ್ತೂಲನ್ನು ಮುಟ್ಟಲೇ ಇಲ್ಲ. "ಈಗ ಅದು ನನ್ನ ಹೆಸರಿಲೆ ಇಲ್ಲ. ನಾ ಮುಟ್ಟಾಂಗಿಲ್ಲ. ಬಾಯಿಲೆ ಹೇಳ್ತೇನಿ, ನೀವ ಮಾಡ್ರಿ." ಇಡೀ ಪಾಠ ಹಾಗೆಯೇ. ಮೊದಲು ಖಾಲಿ ಇದೆಯೋ ನೋಡು. ನೋಡಿದ್ದನ್ನು ನಂಬದೆ ಮತ್ತೆ ನೋಡು. ಮೂತಿ ಯಾರ ಕಡೆಗೂ ಬೇಡ, ದೇವರ ಫೋಟೋದ ಕಡೆಗೂ ಬೇಡ. ಬೆರಳು ಹೊರಗೆ. "ಎಣ್ಣಿ ಕಡಿಮಿ, ಒರಸೂದು ಭಾಳ. ನೀವು ಬದನಿಕಾಯಿಗೆ ಹಾಕಿದಂಗ ಎಣ್ಣಿ ಹಾಕಾಕತ್ತೀರಿ!" ನಾನು ಕಣ್ಣು ಮುಚ್ಚಿ, ಬಿಡಿಭಾಗ ಕೂಡುವ ಸದ್ದು ಕೇಳಿ, ಸರಿಯಾಗಿ ಕೂತಿಲ್ಲ ಎಂದು ನಾನೇ ಬಿಚ್ಚಿದಾಗ ಅವರ ಮೀಸೆ ಅರಳಿತು. "ಕಿವಿ ಐತಿ ನಿಮಗ, ಸಾವಕಾರ." ಆ ಶಾಭಾಸ್‌ಗಿರಿ ಎಷ್ಟು ಖುಷಿ ಕೊಟ್ಟಿತೆಂದರೆ, ಎರಡು ದಿನ ಕಂಡಕಂಡವರಿಗೆ ಹೇಳಿದೆ.

ಹೊರಡುವ ಮುಂಚೆ ಕವರಿನ ಮುಚ್ಚಳ ಎತ್ತಲು ಹೇಳಿದರು. ಒಳಬದಿಯಲ್ಲಿ ಶಾಯಿಯಲ್ಲಿ ಪಿಸ್ತೂಲಿನ ನಂಬರು. ಅದನ್ನು ನಾನು ಬಾಯಿಪಾಠ ಮಾಡಬೇಕು. "ಪರವಾನಗ್ಯಾಗ ಬರದೈತಲ್ರಿ," ಎಂದೆ. "ಹೆಂಡತಿ ಹೆಸರು ರೇಶನ್ ಕಾರ್ಡ್‌ದಾಗ ನೋಡಿ ಹೇಳ್ತೀರೇನ?" ಎಂದರು. ಒಳಗಿನಿಂದ ಪದ್ಮಾ ನಕ್ಕದ್ದು ಕೇಳಿಸಿತು. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದರು: "ಕೋತದಾಗ ಜಮಾ ಮಾಡ್ತೀರಲ್ಲ?"

"ಕೋಟ ಎಲ್ಲೈತ್ರಿ ನನ್ನ ಕಡೆ? ಮದವ್ಯಾಗ ಒಮ್ಮೆ ಹಾಕ್ಕೊಂಡಿದ್ದೆ. ಅದೂ ಬಾಡಿಗಿದು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋತ ಎಂದರೆ ಫೌಜಿನ ಆಯುಧದ ಕೋಣೆ. ಸಿಪಾಯಿ ಕೆಲಸ ಮುಗಿದ ಮೇಲೆ ಹತ್ಯಾರವನ್ನು ಅಲ್ಲಿ ಜಮಾ ಮಾಡಿ ಪಾವತಿ, ಎಂದರೆ ರಸೀದಿ, ಪಡೆದಾಗಲೇ ಅವನಿಗೆ ನಿದ್ದೆ. "ಕಾಲು ಹೋದ್ರ ಪೆನ್ಶನ್ ಕೊಡ್ತಾರ. ಹತ್ಯಾರ ಹೋದ್ರ ಮಾರಿ ತೋರಸಾಕ ಆಗೂದಿಲ್ಲ," ಎಂದರು. ಅಂದಿನಿಂದ ನಮ್ಮ ಮನೆಯ ಕಬ್ಬಿಣದ ತಿಜೋರಿಗೆ ಕೋತ ಎಂದೇ ಹೆಸರಾಯಿತು.

ಎರಡನೆಯ ಭಾನುವಾರ ಬಂದರು. ಕೈ ಬೆನ್ನಿಗೆ ಕಟ್ಟಿ ಮೊದಲಿನಿಂದ ಶುರು ಮಾಡಿದರು: ಖಾಲಿ ಇದೆಯೋ ನೋಡು. ಅದೇ ಬದನೆಕಾಯಿ, ಅದೇ ರೇಶನ್ ಕಾರ್ಡು, ಬಾಗಿಲಲ್ಲಿ ಅದೇ ಕೋತ. ಮೂರನೆಯ ಭಾನುವಾರವೂ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಅದೇ ಪಾಠ. ಆ ಸಲ ಪದ್ಮಾ ನನ್ನನ್ನು ಅಡುಗೆಮನೆಗೆ ಕರೆದು, "ಅವರಿಗೆ ನೆನಪ ಇರೂದಿಲ್ಲ ಕಾಣಸ್ತೈತ್ರಿ," ಎಂದಳು. ನಾನು ಬುದ್ಧಿವಂತ. "ನಿನಗ ತಿಳ್ಯಾಂಗಿಲ್ಲ. ಫೌಜಿನ ಪದ್ಧತಿ ಅದು, ತಿರಗಾ ಮುರಗಾ ಹೇಳಿ ತಿದ್ದತಾರ," ಎಂದೆ. ಸದ್ದಿನಿಂದಲೇ ಮಗ್ಗದ ಸವೆದ ಹಲ್ಲು ಹಿಡಿಯುವವನು ನಾನು. ಎದುರಿಗೆ ಒಬ್ಬ ಮನುಷ್ಯ ಮೂರು ವಾರ ಒಂದೇ ಕಡೆ ಸಿಕ್ಕಿಕೊಂಡು ತಿರುಗುತ್ತಿದ್ದರೆ ಅವಲಕ್ಕಿ ತಿನ್ನುತ್ತ ಕುಳಿತಿದ್ದೆ. ನಾಲ್ಕನೆಯ ಭಾನುವಾರ ಅವರು ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆ. ಆಮೇಲೆ ಎಂದುಕೊಳ್ಳುವುದನ್ನೂ ಬಿಟ್ಟೆ.

ಚುನಾವಣೆ ಬಂತು. ಚುನಾವಣೆಗೆ ಮುಂಚೆ ಪರವಾನಗಿಯ ಆಯುಧಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ನಾನೂ ಪಿಸ್ತೂಲು ಒಪ್ಪಿಸಿ ಪಾವತಿ ತಂದೆ, ಕವರು ಮನೆಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಶೈಲಾ ಅವರ ಫೋನು.

"ಅಣ್ಣಾರ, ಅಪ್ಪಾರು ಹತ್ಯಾರ ಕಳದೇನಿ ಅಂತ ಅಳಾಕತ್ತಾರ್ರಿ." ಆಕೆಯ ದನಿ ಒಡೆದಿತ್ತು. "ಇಲೆಕ್ಷನ್ ಅಂತ ಟಿವ್ಯಾಗ ಕೇಳ್ಯಾರ. ಪ್ರತೀ ಸಲ ಜಮಾ ಮಾಡತಿದ್ರಲ್ಲ, ಹುಡಕಾಕತ್ತಾರ. ಎರಡ ದಿನಾ ಆತು, ಊಟ ಇಲ್ಲ. ಮಾರೇವಿ ಅಂದ್ರ ನಂಬವಲ್ರು. 'ಸಿಪಾಯಿ ಹತ್ಯಾರ ಮಾರತಾನೇನ? ನಾ ಅಂಥಾ ಮನಷ್ಯಾ ಏನ?' ಅಂತಾರ."

ಆಗ ಎಲ್ಲವನ್ನೂ ಹೇಳಿದರು. ಕೊಲ್ಲಾಪುರಕ್ಕೆ ಬರುವ ಒಂದು ವರ್ಷ ಮೊದಲೇ ಅಪ್ಪನಿಗೆ ಮರೆವು ಹಿಡಿದಿತ್ತು. ಮನೆಯಲ್ಲಿ ಸಣ್ಣ ಮಕ್ಕಳು. ಪಿಸ್ತೂಲು ಎಲ್ಲಿಟ್ಟೆನೆಂದು ಅವರಿಗೆ ನೆನಪಿರುತ್ತಿರಲಿಲ್ಲ. ಡಾಕ್ಟರು ಬೇಡ ಎಂದರು. ಮಗಳಿಗೆ ಮಾತು ಕೊಟ್ಟು, ಪೂರ್ತಿ ಎಚ್ಚರವಿದ್ದಾಗಲೇ ಅವರು ಮಾರಲು ಒಪ್ಪಿದ್ದರು. ಮರೆವು ಎಂದು ಪರರ ಮುಂದೆ ಹೇಳಲು ನಾಚಿ, ಕೈ ನಡಗತಾವು ಎಂದಿದ್ದರು.

"ಹತ್ಯಾರ ತಂದ ತೋರಸ್ರಿ ಅನ್ನಾಕ ಬರೂದಿಲ್ಲ, ಗೊತ್ತೈತ್ರಿ," ಎಂದರು ಶೈಲಾ. "ಆ ಕವರ... ನಮ್ಮ ಅವ್ವಾ ಹೊಲಿಸಿದ್ದು ಅದು. ಪೆನ್ಶನ್ ಬಂದ ವರ್ಷ, ತನ್ನ ಚಪ್ಪಲಿ ಹೊಲ್ಯಾವರ ಕಡೆ. ಅದಾದ್ರೂ ಅವರ ಕೈಯಾಗ ಇದ್ದಿದ್ರ..."

ಎಡಗಾಲಿನ ಚಪ್ಪಲಿ ಎಂದಿದ್ದೆನಲ್ಲ, ಅದೇ ನಾಲಿಗೆಯಿಂದ ಈಗಲೇ ಹೊಂಟೆ ಎಂದೆ. ಪದ್ಮಾ ಆಗಲೇ ಕವರನ್ನು ಒರೆಸಿ ಚೀಲಕ್ಕೆ ಹಾಕಿದ್ದಳು. ಕಾಗಲ್, ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ ಮುಟ್ಟುವವರೆಗೆ ನಾನು ಜೀವನದಲ್ಲಿ ಕೊಸರಿಗೆಂದು ತಂದ ವಸ್ತುಗಳು ಒಂದೊಂದಾಗಿ ನೆನಪಿಗೆ ಬಂದವು: ಒಬ್ಬರ ಗೋಡೆಯ ಗಡಿಯಾರ, ಒಬ್ಬ ವಿಧವೆಯ ಗಂಡ ಕುಳಿತುಕೊಳ್ಳುತ್ತಿದ್ದ ಸ್ಟೂಲು. ಮಾರಿದ್ದಕ್ಕೆ ಅವರೆಲ್ಲ ಬೆಲೆ ಪಡೆದಿದ್ದರು. ಕೊಸರಾಗಿ ಹೋದದ್ದಕ್ಕೆ?

ಸುಭೇದಾರರು ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ಹೆಸರು ಬರೆದ ಕಪ್ಪು ಟ್ರಂಕು ಬರಿದಾಗಿತ್ತು. ಸ್ವೆಟರು, ಪದಕ, ಹಳೆಯ ಪತ್ರಗಳು ಸುತ್ತಲೂ ಹರಡಿದ್ದವು. ಗಡ್ಡ ಬೆಳೆದಿತ್ತು. ಅಂಗಿಗೆ ಇಸ್ತ್ರಿ ಇರಲಿಲ್ಲ, ಸೊಂಟದಲ್ಲಿ ಬೆಲ್ಟು ಮಾತ್ರ ಇತ್ತು. ನನ್ನ ಗುರುತು ಹತ್ತಲಿಲ್ಲ. ಕವರನ್ನು ಅವರ ತೊಡೆಯ ಮೇಲಿಟ್ಟೆ.

ಮೊದಲು ಅದನ್ನು ಮೂಸಿದರು. ಹೆಬ್ಬೆರಳಿನಿಂದ ಆ ಜಡೆಯನ್ನು ಸುತ್ತಲೂ ಸವರಿದರು. ಒಳಗೆ ಎರಡು ಬೆರಳು ಹಾಕಿ, ಖಾಲಿ ಎಂದು ತಿಳಿದು, ನನ್ನ ಕಡೆ ನೋಡಿದರು.

"ಹತ್ಯಾರ?"

"ಕೋತದಾಗ ಜಮಾ ಐತ್ರಿ."

"ನಂಬರ?"

ನಾನು ಬಾಯಿಪಾಠ ಒಪ್ಪಿಸಿದೆ. ಕೊನೆಯ ಎರಡು ಅಂಕಿ ಹಿಂದುಮುಂದಾದವು.

"ಎಂಟ ಒಂದ ಅಲ್ಲ. ಒಂದ ಎಂಟ," ಎಂದರು ಗಡುಸಾಗಿ. ಮಗಳ ಹೆಸರನ್ನು ಆ ಬೆಳಿಗ್ಗೆ ಅವರು ಎರಡು ಸಲ ಕೇಳಿದ್ದರಂತೆ. "ಪಾವತಿ?"

ನನ್ನ ಕಿಸೆಯಲ್ಲಿ ಠಾಣೆಯ ಪಾವತಿ ಇತ್ತು. ಅಸಲು ಕಾಗದ ಯಾರ ಕೈಗೂ ಕೊಡಬೇಡಿ, ತೋರಿಸಿದರೂ ಒಂದು ಮೂಲೆ ಹಿಡಿದುಕೊಂಡೇ ಇರಿ ಎಂದು ನಾನು ಎಷ್ಟು ಜನಕ್ಕೆ ಹೇಳಿಲ್ಲ! ತೆಗೆದು ಕೊಟ್ಟೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಠಾಣೆಯ ಮುದ್ರೆಯ ಮೇಲೆ ಬೆರಳಿಟ್ಟರು. ನಾಲ್ಕು ಮಡಿಕೆ ಮಾಡಿ ಕವರಿನೊಳಗೆ ಹಾಕಿ ಗುಂಡಿ ಒತ್ತಿದರು. ಎದ್ದು ನಿಂತು, ಕವರನ್ನು ಬೆಲ್ಟಿಗೆ ಏರಿಸಿದರು. ಆ ಹೊಳೆಯುವ ಜಾಗ ಮುಚ್ಚಿತು.

"ಶೈಲಾ," ಎಂದರು. ಆಕೆ ಬಾಗಿಲ ಹಿಂದಿನಿಂದ ಓಡಿ ಬಂದರು. "ಜಮಾ ಐತಂತವಾ. ಊಟಕ್ಕ ನೀಡು."

ಆ ಕಾಗದವನ್ನು ಮರಳಿ ಕೇಳುವ ಬಾಯಿ ನನಗೆ ಬರಲಿಲ್ಲ. ಚುನಾವಣೆ ಮುಗಿದ ಮೇಲೆ ಠಾಣೆಗೆ ಹೋದರೆ ಅಲ್ಲಿಯ ಹವಾಲ್ದಾರರು, "ಪಾವತೀ ಕುಠಾಯ ಶೇಠ?" ಎಂದರು, ಎಲ್ಲಿದೆ ಎಂದು. ಕಳೆಯಿತು ಎಂದೆ. ಇವತ್ತು ಪಾವತಿ ಕಳೆದವರು ನಾಳೆ ಪಿಸ್ತೂಲನ್ನೇ ಕಳೆದುಕೊಳ್ಳುತ್ತೀರಿ ಎಂದು, ಹತ್ತು ಜನ ಕೇಳುವಂತೆ, ಮರಾಠಿಯಲ್ಲಿ ಬೈದರು. ಬರೆದುಕೊಟ್ಟೆ, ಪ್ರತಿಜ್ಞಾಪತ್ರ ಮಾಡಿಸಿದೆ, ನಾಲ್ಕು ಸಲ ಅಲೆದೆ. ಹತ್ಯಾರ ಕಳೆದವನು ಎಂಬ ಮಾತು ಸುಭೇದಾರರ ಬದಲು ನನ್ನ ತಲೆಯ ಮೇಲೆ ಬಿತ್ತಲ್ಲ ಎಂದು, ನಿಜ ಹೇಳುತ್ತೇನೆ, ಬೈಸಿಕೊಳ್ಳುತ್ತ ನಿಂತಾಗ ಒಂದು ಬಗೆಯ ಸಮಾಧಾನವಿತ್ತು.

ಆಮೇಲೆ ಶೈಲಾ ಆಗಾಗ ಫೋನು ಹಚ್ಚಿ ಅಪ್ಪನ ಕಿವಿಗೆ ಹಿಡಿಯುತ್ತಿದ್ದರು. ಅವರದು ಒಂದೇ ಶಬ್ದ. "ಜಮಾ?" ನನ್ನದೂ ಒಂದೇ. "ಜಮಾ ಐತ್ರಿ." ಬರಬರುತ್ತ ಅವರ ಪ್ರಶ್ನೆ ಬರಿಯ ಉಸಿರಾಯಿತು. ಆದರೂ ನಾನು ಉತ್ತರ ಹೇಳುತ್ತಿದ್ದೆ.

ಕಬ್ಬಿನ ಗಾಡಿಗಳು ಶುರುವಾದ ದಿನಗಳಲ್ಲಿ ಅವರು ಹೋದರು. ಕುಳ್ಳಿರಿಸಿ ಮಣ್ಣು ಕೊಡುವ ಪದ್ಧತಿ ಅವರದು. ಊರ ಹಿರಿಯರು ಅವರ ಬೆಲ್ಟು ಬಿಚ್ಚಿ ಬದಿಗಿಟ್ಟಾಗ ಶೈಲಾ ಆ ಕವರನ್ನು ಜಾರಿಸಿ ತೆಗೆದು, ವಿಭೂತಿಯ ಪಕ್ಕದಲ್ಲಿ ಅವರ ತೊಡೆಯ ಮೇಲಿಟ್ಟರು. ಯಾರೋ "ಅದರಾಗ ಏನೈತವಾ?" ಎಂದು ಕೇಳಿದರು. "ಅಪ್ಪಾರ ಕಾಗದ," ಎಂದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಈಗ ಪರವಾನಗಿ ಮುಗಿಯಲು ಬಂದಿದೆ. ಗೊಡ್ಡು ಎಮ್ಮೆಯನ್ನು ಇನ್ನು ಬಿಟ್ಟುಬಿಡಿ ಎಂದು ಪದ್ಮಾ ಹೇಳಿದಳು. ಹೋದ ವಾರ ಕೊಲ್ಲಾಪುರದ ಅದೇ ಅಂಗಡಿಗೆ ದತ್ತವಾಡದ ಒಬ್ಬ ಗುತ್ತಿಗೆದಾರ ನೋಡಲು ಬಂದಿದ್ದ. ಚುರುಕು ಮನುಷ್ಯ. ಯಾಕೆ ಮಾರುತ್ತೀರಿ ಎಂದು ಕೇಳಿದ, ನನ್ನ ಉತ್ತರ ತಡವಾಯಿತು, ಬೆಲೆ ಇಳಿಸಿದ. ಭಲೇ ಎಂದುಕೊಂಡೆ. ಖಾಲಿ ಇದೆಯೆಂದು ಎರಡು ಸಲ ತೋರಿಸಿದೆ, ನಂಬರನ್ನು ಬಾಯಿಪಾಠ ಮಾಡಿಸಿದೆ. ಎಲ್ಲ ಮುಗಿದ ಮೇಲೂ ಅವನು ಏಳಲಿಲ್ಲ. ನಳಿಗೆಯ ತುದಿಯ ಆ ಬಿಳಿಯ ಸವೆತದ ಮೇಲೆ ಬೆರಳಾಡಿಸಿ ನಕ್ಕ.

"ಇದಕ್ಕ ಚರ್ಮದ ಕವರ ಇರಬೇಕಲ್ರಿ ಕಾಕಾ. ಕೊಸರಿಗೆ ಅದನ್ನ ಹಾಕ್ರಿ."

"ಕೊಸರು ಕೊಟ್ಟಾಗೇತ್ರಿ," ಎಂದೆ.